ಹೊಸದೇನು ಬಂತು?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಕಾಗವಾಡದ ಕಡೆಯ ಒಂದು ಮನೆಗೆ ಹೋಗಿದ್ದೆ. ಜೋರು ಮಳೆ, ಕರೆಂಟು ಇರಲಿಲ್ಲ. ಪಡಸಾಲೆಯ ಕತ್ತಲೆಯಲ್ಲಿ ಫೋನಿನ ಬೆಳಕು ಬಿದ್ದ ಎರಡು ಮುಖಗಳು ಮಾತ್ರ ಕಾಣುತ್ತಿದ್ದವು. ಒಬ್ಬ ಆ ಮನೆಯ ಮಗ, ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುವವನು. ಇನ್ನೊಬ್ಬ ಅವನ ಸೋದರತ್ತೆಯ ಮಗ, ಮಿರಜದಿಂದ ಬಂದವನು. ಮನೆಯ ಯಜಮಾನರು ನನ್ನ ಕೈಗೆ ಚಹಾ ಕೊಡುತ್ತಲೇ ದೂರು ಶುರುಮಾಡಿದರು.

"ನೀವರೆ ನಾಕು ಮಾತು ಹೇಳ್ರಿ ಫಾದರ್. ಫೋನಿನ್ಯಾಗ ಹೊಸಾದೇನೋ ಬಂದೈತೆಂತ, ಮುಂಜಾನಿಂದ ಹಿಂಗ ಕುಂತಾವ. ಎಮ್ಮಿಗೆ ಮೇವು ಹಾಕೂದೈತಿ, ಅದರ ಖಬರ ಇಲ್ಲ."

ಇಂಥ ಹೊತ್ತಿನಲ್ಲಿ ಆಡಬೇಕಾದ ನಾಲ್ಕು ಮಾತುಗಳು ಗುರುಗಳಾದ ನಮಗೆ ಬಾಯಿಪಾಠವಾಗಿರುತ್ತವೆ. 'ಇಂದಿನ ಯುವಜನಾಂಗ' ಎಂದು ಆರಂಭಿಸಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಆದರೆ ಆ ದಿನ ಯಾಕೋ, "ಹೊಸದೇನು ಬಂತು ತಮ್ಮಾ?" ಎಂದು ಕೇಳಿಬಿಟ್ಟೆ.

"ಗೇಮಿಂದು ನಾಳಿಗಿ ಬರೂದೈತ್ರಿ ಫಾದರ್. ಇದು ಕೀಬೋರ್ಡಿನ ಅಪ್‌ಡೇಟ್ ರೀ," ಎಂದು ಹುಡುಗ ಹತ್ತಿರ ಸರಿದ. ಹತ್ತು ನಿಮಿಷ ವಿವರಿಸಿದ. ಒತ್ತಕ್ಷರ ಬರೆಯುವಾಗ ಹಿಂದೆ ಆಗುತ್ತಿದ್ದ ತೊಡಕು ಈಗ ಹೇಗೆ ಇಲ್ಲ, ಉದ್ದನೆಯ ಕೀಲಿಯನ್ನು ಒತ್ತಿ ಹಿಡಿದು ಕನ್ನಡದಿಂದ ಮರಾಠಿಗೆ ಹೋಗುವುದು ಹೇಗೆ, ಮುಂದಿನ ಪದವನ್ನು ಯಂತ್ರ ಮೊದಲೇ ಊಹಿಸಿ ಮುಂದಿಡುವುದು ಹೇಗೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಂದೆಗೆ ತಾಳ್ಮೆ ಮುಗಿಯಿತು. "ಇದೆಲ್ಲಾ ನಿನಗ್ಯಾಕ ಬೇಕೋ?"

"ಸುಮ್ನ, ಗೊತ್ತಿರ್ಲಿ ಅಂತ," ಅಂದ ಮಗ.

ಓದುಗರೇ, ಆ ಒಂದು ಉತ್ತರ ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಸುಮ್ಮನೆ ಗೊತ್ತಿರಲಿ ಎನ್ನುವುದು ಒಳ್ಳೆಯದೋ, ಕೆಟ್ಟದ್ದೋ? ಅರಿಯಬೇಕೆಂಬ ಆಸೆ ಮನುಷ್ಯನ ಹುಟ್ಟುಗುಣವೆಂಬ ಮಾತಿನಿಂದಲೇ ಅರಿಸ್ಟಾಟಲ್ ತನ್ನ ತತ್ತ್ವಶಾಸ್ತ್ರದ ದೊಡ್ಡ ಗ್ರಂಥವೊಂದನ್ನು ಆರಂಭಿಸುತ್ತಾನೆ. ಆದರೆ ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಇದನ್ನು ಇನ್ನೂ ಬಿಡಿಸಿ ನೋಡಿದರು. ಅರಿಯುವ ಶ್ರದ್ಧೆ ಎಂಬುದೊಂದು ಸದ್ಗುಣ, ಬರಿಯ ಕುತೂಹಲ ಅದಕ್ಕೆ ವಿರುದ್ಧವಾದ ದೋಷ ಎಂದರು. ಸೆಮಿನರಿಯಲ್ಲಿ ಓದುವಾಗ ನಾವು ಇಷ್ಟನ್ನೇ ಪರೀಕ್ಷೆಗೆ ಬರೆದು ಬಂದೆವು. ಅದೇ ಪುಟದಲ್ಲಿ ಇನ್ನೊಂದು ಮಾತಿದೆ, ಅದು ನನಗೆ ಈಚೆಗೆ ಕಣ್ಣಿಗೆ ಬಿತ್ತು. ಮನಸ್ಸು ಕಂಡದ್ದನ್ನೆಲ್ಲ ಅರಿಯಲು ಓಡುತ್ತದೆ, ಅದಕ್ಕೆ ಕಡಿವಾಣ ಬೇಕು. ದೇಹವಾದರೋ ಅರಿಯುವ ಕಷ್ಟಕ್ಕೇ ಹೆದರಿ ಹಿಂಜರಿಯುತ್ತದೆ, ಅದಕ್ಕೆ ಚುರುಕು ಬೇಕು. ಒಂದೇ ಸದ್ಗುಣಕ್ಕೆ ಈ ಎರಡೂ ಕೆಲಸ. ಮೊದಲನೆಯದನ್ನು ನಾವು ಹುಡುಗರಿಗೆ ದಿನವೂ ಬೋಧಿಸುತ್ತೇವೆ. ಎರಡನೆಯದು ಯಾರಿಗೆ ಅನ್ವಯಿಸುತ್ತದೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

ಕೀಬೋರ್ಡಿನ ಮಾತನ್ನೇ ತೆಗೆದುಕೊಳ್ಳೋಣ. ಬೇರೆ ಊರಿನವರಿಗೆ ಇದು ಸಣ್ಣ ವಿಷಯವೆನಿಸಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ಹಾಗಲ್ಲ. ಇಲ್ಲಿ ಒಂದೇ ಮನೆಯಲ್ಲಿ ಮಗನ ಶಾಲೆಯ ದಾಖಲೆ ಕನ್ನಡದಲ್ಲಿ, ಬೀಗರ ಲಗ್ನಪತ್ರಿಕೆ ಮರಾಠಿಯಲ್ಲಿ, ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಬಹಳ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಾರೆ. ಆ ಅಕ್ಷರಗಳಲ್ಲಿ ನಕಾರಕ್ಕೂ ಣಕಾರಕ್ಕೂ ಒಂದೇ ಗುರುತು, ದಕಾರಕ್ಕೂ ಡಕಾರಕ್ಕೂ ಒಂದೇ. ಅಥಣಿಯ ಕೊನೆಯಲ್ಲಿರುವುದು 'ನಿ' ಅಲ್ಲ 'ಣಿ' ಎಂಬುದನ್ನು ಯಂತ್ರ ಊಹಿಸಬೇಕು. ಕನ್ನಡ, ಮರಾಠಿ ಎರಡರಲ್ಲೂ ಇರುವ, ಹಿಂದಿಯ ಬರವಣಿಗೆಯಲ್ಲಿ ಬಳಕೆಯಿಲ್ಲದ ನಮ್ಮ 'ಳ'ಕಾರದ ಪಾಡೂ ಅದೇ. ಮನುಷ್ಯನ ಹೆಸರೇ ತಪ್ಪಾಗಿ ಮೂಡಿದಾಗ, 'ಇರ್ಲಿ ಬಿಡ್ರಿ, ತಿಳೀತೈತಿ' ಎಂದು ನಾವು ಬಿಟ್ಟುಬಿಡುತ್ತೇವೆ. ಬಿಡದವರು ಈ ಹುಡುಗರು.

ಹಾಗೆ ಬಿಡದವರಿಂದಲೇ ಕನ್ನಡ ಗಣಕಯಂತ್ರಕ್ಕೆ ಬಂತು. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂಡಿಸಿದರು. ವ್ಯಂಜನದ ಹಿಂದೆ ಸ್ವರ ಒತ್ತಿದರೆ ಕಾಗುಣಿತ ತಾನೇ ಮೂಡುವ ಹಾಗೆ ಮಾಡಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಆ ಜೋಡಣೆಯನ್ನೇ ಹಿಡಿಯಿತು, ಸರಕಾರವೂ ಒಪ್ಪಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. 2010ರ ಆಸುಪಾಸಿನಲ್ಲಿ ಕೂಡ ಅನೇಕ ಫೋನುಗಳಲ್ಲಿ ಕನ್ನಡದ ಅಕ್ಷರಗಳ ಬದಲು ಬರಿಯ ಚೌಕಟ್ಟುಗಳು ಕಾಣುತ್ತಿದ್ದವು, ನೆನಪಿದೆಯೇ? 2017ರ ಹೊತ್ತಿಗೆ ಗೂಗಲ್ಲಿನ ಕೀಬೋರ್ಡು ಭಾರತದ 22 ಭಾಷೆಗಳನ್ನು ಬರೆಯುವಂತಾಯಿತು. ಒಂದೊಂದು ಅಪ್‌ಡೇಟಿನಲ್ಲಿ ಒಂದಿಷ್ಟು. ಈ ಕೆಲಸದಲ್ಲಿ ತೊಡಗಿದ ಎಷ್ಟೋ ಮಂದಿಗೆ ಅವರ ಮನೆಯವರೂ 'ಇದೆಲ್ಲಾ ಯಾಕ ಬೇಕೋ' ಎಂದಿರಬಹುದು.

ಆಟದ ಮಾತು ಬೇರೆ. ಅದರ ಬಗ್ಗೆ ನನಗೆ ಅಷ್ಟು ಮೆದುವಾಗಿ ಹೇಳಲಾಗುವುದಿಲ್ಲ. ಪಬ್‌ಜಿ ಮೊಬೈಲನ್ನು ಸರಕಾರ 2020ರ ಸೆಪ್ಟೆಂಬರ್ 2ರಂದು ಇತರ 117 ಆ್ಯಪ್‌ಗಳೊಡನೆ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈಯಲ್ಲಿ ಅದನ್ನೂ ತೆಗೆಸಿದರು, 2023ರ ಮೇ ತಿಂಗಳಲ್ಲಿ ಮರಳಿತು. ಮರಳುವಾಗ ಕಾಲಮಿತಿ ಹಾಕಿಕೊಂಡು ಬಂತು: ಹದಿನೆಂಟರೊಳಗಿನವರಿಗೆ ದಿನಕ್ಕೆ 3 ತಾಸು, ಉಳಿದವರಿಗೆ 6 ತಾಸು. ಆರು ತಾಸು! ಹೊಲದ ಕೂಲಿಯ ಲೆಕ್ಕದಲ್ಲಿ ಅದು ಮುಕ್ಕಾಲು ದಿನ. ಅದನ್ನು ಮಿತಿ ಎಂದು ಕರೆದವರಿಗೆ ನಮಸ್ಕಾರ.

ಆಟದ ಅಪ್‌ಡೇಟಿನಲ್ಲಿಯೂ ರಿಪೇರಿ ಇರುತ್ತದೆ, ಮೋಸದಿಂದ ಆಡುವವರನ್ನು ಹಿಡಿಯುವ ಉಪಾಯಗಳಿರುತ್ತವೆ ಎಂದು ಹುಡುಗರು ವಾದಿಸಿದರು. ನಿಜ. ಆದರೆ ಬಂದೂಕಿಗೆ ಹೊಸ ಬಣ್ಣ, ಮೈಗೆ ಹೊಸ ಅಂಗಿ, ದುಡ್ಡು ಕೊಟ್ಟು ಕೊಳ್ಳುವ ಪಾಸು, ಇವು ಯಾವ ತೊಡಕನ್ನೂ ಬಗೆಹರಿಸುವುದಿಲ್ಲ. ಆಡಿ ಬೇಸರಗೊಂಡವನನ್ನು ಮತ್ತೆ ಕರೆಯುವುದೇ ಅವುಗಳ ಕೆಲಸ. ಸಂತ ಅಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಳ್ಳುತ್ತಾರೆ: ನಾಯಿ ಮೊಲವನ್ನು ಅಟ್ಟುವುದನ್ನು ನೋಡಲು ತಾವು ಈಗ ಆಟದ ಬಯಲಿಗೆ ಹೋಗುವುದಿಲ್ಲ, ಆದರೆ ದಾರಿಯಲ್ಲಿ ಹೋಗುವಾಗ ಹೊಲದಲ್ಲಿ ಅಂಥದು ಕಂಡರೆ ಮನಸ್ಸು ಅತ್ತಲೇ ವಾಲುತ್ತದೆ ಎಂದು. ಹದಿನಾರು ಶತಮಾನಗಳ ಹಿಂದಿನ ಧರ್ಮಾಧ್ಯಕ್ಷರ ಪಾಡೇ ಹೀಗಾದರೆ, ಹದಿನೆಂಟರ ಹುಡುಗನ ಜೇಬಿನಲ್ಲೇ ಆ ಮೊಲ ಓಡುತ್ತಿರುವಾಗ ಅವನೇನು ಮಾಡಿಯಾನು? ತಂದೆಯ ದೂರಿನಲ್ಲಿ ಹುರುಳಿತ್ತು. ಎಮ್ಮೆ ಹಸಿದಿದ್ದದ್ದೂ ನಿಜವೇ.

ಇಷ್ಟರಲ್ಲಿ ಮಗ ಒಂದು ಮಾತು ಎತ್ತಿದ. "ಫಾದರ್, ಅಪ್ಪಾನ ಫೋನ್ ಒಮ್ಮಿ ನೋಡ್ರಿ."

ತೆರೆದು ನೋಡಿದೆ. ಕೀಬೋರ್ಡಿನ ಹಿಂದೆ ಗುಲಾಬಿ ಹೂವುಗಳು, ಬಂಗಾರದ ಬಣ್ಣದ ಅಕ್ಷರಗಳು. ಯಾವುದೋ ಜಾಹೀರಾತು ಒತ್ತಿದಾಗ ಬಂದು ಕುಳಿತದ್ದಂತೆ, ಯಾರು ಮಾಡಿದ್ದೋ ಗೊತ್ತಿಲ್ಲ. ಹೊರಗಿನ ಕೀಬೋರ್ಡನ್ನು ಹಾಕಿಕೊಳ್ಳುವಾಗ ಆಂಡ್ರಾಯ್ಡ್ ಫೋನು ಒಂದು ಎಚ್ಚರಿಕೆ ಕೊಡುತ್ತದೆ: ನೀವು ಬರೆಯುವುದೆಲ್ಲವನ್ನೂ, ಪಾಸ್‌ವರ್ಡ್ ಮತ್ತು ಕಾರ್ಡಿನ ಅಂಕಿಗಳನ್ನೂ ಸಹ, ಇದು ಸಂಗ್ರಹಿಸಬಹುದು ಎಂದು. "ಅದನ್ನ ಓದಿದ್ರೇನು?" ಎಂದು ಯಜಮಾನರನ್ನು ಕೇಳಿದೆ. "ಎಲ್ಲಿ ಓದೂದ್ರಿ, ಓಕೆ ಒತ್ತಲಿಲ್ಲಂದ್ರ ಮುಂದ ಹೋಗಂಗಿಲ್ಲ," ಅಂದರು. ಕಬ್ಬಿನ ಬಿಲ್ಲಿನ ಹಣ ಬಂದಿತೇ ಎಂದು ಅವರು ಬ್ಯಾಂಕಿನ ಲೆಕ್ಕ ನೋಡುವುದು ಅದೇ ಫೋನಿನಲ್ಲಿ.

ಇದು ಉತ್ಪ್ರೇಕ್ಷೆಯ ಹೆದರಿಕೆಯಲ್ಲ. 2017ರ ಡಿಸೆಂಬರಿನಲ್ಲಿ ಎಐ.ಟೈಪ್ ಎಂಬ ಕೀಬೋರ್ಡನ್ನು ಬಳಸುತ್ತಿದ್ದ ಸುಮಾರು 3 ಕೋಟಿ 10 ಲಕ್ಷ ಜನರ ವಿವರಗಳು ಪಾಸ್‌ವರ್ಡೇ ಇಲ್ಲದ ಗಣಕದಲ್ಲಿ ಬಯಲಿಗೆ ಬಿದ್ದಿದ್ದು ಪತ್ತೆಯಾಯಿತು. ಅಪರಿಚಿತನೊಬ್ಬ ನಮ್ಮ ಹೆಗಲ ಮೇಲಿಂದ ಬಗ್ಗಿ ಕಾಗದ ಓದಿದರೆ ಜಗಳಕ್ಕೆ ನಿಲ್ಲುವವರು ನಾವು. ಕೀಬೋರ್ಡು ಹೆಗಲ ಮೇಲಿಂದ ನೋಡಬೇಕಾಗಿಲ್ಲ, ಬೆರಳಿನ ಕೆಳಗೇ ಇದೆ.

"ನಿನಗ ಯಾವಾಗಿಂದ ಗೊತ್ತಿತ್ತೋ ತಮ್ಮಾ?" ಎಂದು ಮಗನನ್ನು ಕೇಳಿದೆ.

"ಮೂರ ತಿಂಗಳಾತ್ರಿ. ಹೇಳಾಕ ಹೋದ್ರ ಬೈತಾರ."

ಅವನ ಮೇಲೂ ನನಗೆ ಸಿಟ್ಟು ಬಂತು. ಯಾರೋ ದೂರದವರು ಮಾಡಿದ ತಿದ್ದುಪಡಿಗಳ ಪಟ್ಟಿಯನ್ನು ಸಾಲುಸಾಲಾಗಿ ಓದುವವನಿಗೆ ತನ್ನ ತಂದೆಯ ಫೋನು ಮೂರು ತಿಂಗಳಿಂದ ಕಣ್ಣೆದುರಿಗಿತ್ತು. ಗೊತ್ತಿರಲಿ ಎಂದು ಕಲಿತದ್ದು ಅವನೊಬ್ಬನಿಗೇ ಗೊತ್ತಿತ್ತು. ತಂದೆಯಾದರೋ ಆರಂಭದಲ್ಲೇ 'ಯಾಕ ಬೇಕೋ' ಎಂದು ಬಾಗಿಲು ಹಾಕಿದ್ದರು. ಒಬ್ಬನಿಗೆ ಕಡಿವಾಣ ಬೇಕಿತ್ತು, ಇನ್ನೊಬ್ಬರಿಗೆ ಚುರುಕು. ಈ ಮಾತನ್ನು ನಾನು ಅಲ್ಲಿ ಹೇಳಲಿಲ್ಲ. ಚಹಾ ಆರುತ್ತಿತ್ತು.

ಒಳಗಿನಿಂದ ಆಯಿ ಬಂದರು, ಯಜಮಾನರ ತಾಯಿ. ಮಿರಜದ ಮಗಳು ಮರುದಿನ ಬರುವವಳಿದ್ದಳು, ಅವಳಿಗೆ ಸುದ್ದಿ ಕಳಿಸಬೇಕಿತ್ತು. ಫೋನ್ ಹತ್ತುತ್ತಿರಲಿಲ್ಲ. ಮೊಮ್ಮಗ ಬರೆಯಲು ಕುಳಿತ, ಆಯಿ ಹೇಳುತ್ತ ಹೋದರು. "ನಾಳಿಗಿ ಬರೂದ ಬ್ಯಾಡ, ಹಳ್ಳಕ್ಕ ನೀರ ಬಂದೈತಿ."

ಯಂತ್ರ 'ಬೇಡ' ಎಂಬ ಪದವನ್ನು ಮುಂದಿಟ್ಟಿತು. "ಆಯೀ, ಬೇಡ ಅಂತ ಬರೀಲೇನು?"

"ನಾ ಎಲ್ಲಿ ಹಂಗ ಅಂದ್ನೋ? ಬ್ಯಾಡ ಅಂತ ಬರಿ. ಆಕಿಗೆ ನಾನs ಬರಸೀನಿ ಅಂತ ತಿಳೀಬೇಕು."

ಅವನು 'ಬ್ಯಾಡ' ಎಂದು ಬರೆದ. ಕೆಳಗೆ ಕೆಂಪು ಗೆರೆ ಬಿತ್ತು. ಪದವನ್ನು ಒತ್ತಿ ಹಿಡಿದು ಏನೋ ಮಾಡಿದ, ಗೆರೆ ಹೋಯಿತು.

"ಅದೇನ ಮಾಡಿದಿ?" ಅಂದರು ತಂದೆ.

"ಡಿಕ್ಷನರಿಗೆ ಸೇರಿಸಿದ್ನಿ. ಇನ್ನಮ್ಯಾಲೆ ಇದು ತಪ್ಪ ಅನ್ನಂಗಿಲ್ಲ."

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಫೋನನ್ನು ಮಗನ ಮುಂದೆ ಇಟ್ಟರು. "ಈ ಹೂವಿಂದು ತಗದ ಹಾಕು. ಹೆಂಗ ತಗೀತಿ, ನನಗೂ ತೋರ್ಸು."

ಹಿತ್ತಲಲ್ಲಿ ಎಮ್ಮೆ ಇನ್ನೊಮ್ಮೆ ಕೂಗಿತು. ಮಿರಜದ ಹುಡುಗ ಫೋನು ಬದಿಗಿಟ್ಟು, ತಲೆಗೆ ಗೋಣಿಚೀಲ ಹಾಕಿಕೊಂಡು ಮಳೆಯಲ್ಲಿ ಹೊರಟ.