ಸಾಗಿಸಿದರೆ ಮುಗಿಯಿತೆ?

ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರ್. ಅದರ ಇಡೀ ಡಿಸ್ಕು ಒಂದು ಕಡತದಲ್ಲಿರುತ್ತದೆ. ನನ್ನ ಪಿಎಚ್‌.ಡಿ. ಕೆಲಸವೆಲ್ಲ ಅಂಥದೊಂದು ಕಡತದಲ್ಲಿತ್ತು. ಅದನ್ನು ನಿಜವಾದ ಕಂಪ್ಯೂಟರಿಗೆ ಇಳಿಸುವಾಗ ಒಂದು ಪ್ರಶ್ನೆ ಹಿಡಿದುಕೊಂಡಿತು: ಎಲ್ಲವನ್ನೂ ಇದ್ದಂತೆಯೇ ಸಾಗಿಸಿದರೆ ಸಾಗಿಸಿದವನ ಹೊಣೆ ಮುಗಿಯಿತೆ?

ಒಂದು ಬಿಟ್ಟೂ ತಪ್ಪದಂತೆ ನಕಲಿಸಿದರೂ ಹೊಸ ಯಂತ್ರ ಹಲವು ಸಲ ಏಳುವುದೇ ಇಲ್ಲ. ಒಳಗಿನ ವ್ಯವಸ್ಥೆ ತಾನು ಬೆಳೆದ ಕಾಲ್ಪನಿಕ ಡಿಸ್ಕನ್ನೇ ಹುಡುಕುತ್ತಿರುತ್ತದೆ. ಹೊಸ ಜಾಗದ ಡ್ರೈವರ್ ಸೇರಿಸಬೇಕು, ಬೂಟ್‌ಲೋಡರನ್ನು ಮತ್ತೆ ಕೂರಿಸಬೇಕಾಗಬಹುದು, ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಬಹುದು. ಮೊದಲಿನಂತೆ ಬದುಕಲು ಅದು ಸ್ವಲ್ಪ ಬೇರೆಯಾಗಲೇಬೇಕು.

ಶರಾವತಿ ಸೀಮೆಯಲ್ಲಿ ಇದು ಬರೀ ಯಂತ್ರದ ಮಾತಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಹಾದು ಸಾಗರ ತಾಲ್ಲೂಕಿಗೆ ಬರುವ ನದಿಯನ್ನು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಡೆಯಿತು. ಸಾಗರ, ಹೊಸನಗರಗಳ ಊರುಗಳು ಮುಳುಗಿದವು. 1948ರ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಿನಡಿ ಸೇರಿತು. ಜನರನ್ನು ಸಾಗಿಸಿದ್ದಾಯಿತು. ಆದರೆ ಅಡಿಕೆ ತೋಟ ಸೊಪ್ಪಿನಬೆಟ್ಟವನ್ನು ನಂಬಿತ್ತು, ಬೆಟ್ಟ ಮಳೆಯನ್ನು, ಮನೆ ನೆರೆಯವರನ್ನು. ಸಾಮಾನಿನ ಪಟ್ಟಿಯಲ್ಲಿ ಇವು ಯಾವುವೂ ಬರುವುದಿಲ್ಲ. ಹಲವರು ನೆಲೆಯಾದದ್ದು ಕಾಗದದಲ್ಲಿ ಇನ್ನೂ ಕಾಡೆಂದೇ ಉಳಿದ ಜಾಗದಲ್ಲಿ. ಅರ್ಧ ಶತಮಾನ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುವ ಕುಟುಂಬಗಳಿವೆ. ಉಳುತ್ತಿರುವ ನೆಲವೇ ಅವರನ್ನು ಗುರುತಿಸುವುದಿಲ್ಲ.

ಮನುಷ್ಯ ಎಲ್ಲಿಗಾದರೂ ಹೊಂದಿಕೊಳ್ಳುತ್ತಾನೆ, ಯಂತ್ರಕ್ಕೆ ಆ ಶಕ್ತಿಯಿಲ್ಲ ಎನ್ನಬಹುದು. ನಿಜ. ಆ ಜನ ಹೊಸ ಊರು ಕಟ್ಟಿದರು, ತೋಟ ಎಬ್ಬಿಸಿದರು. ಆದರೆ ಅವರ ಹೊಂದಿಕೊಳ್ಳುವ ಶಕ್ತಿಯನ್ನೇ ಸಾಗಿಸಿದವರು ತಮ್ಮ ಬಿಡುಗಡೆಪತ್ರ ಮಾಡಿಕೊಳ್ಳುವುದು ಅನ್ಯಾಯ. ಅವರು ಬದುಕಿಕೊಂಡದ್ದು ಅವರ ಗುಣ. ಅದರಿಂದ ನಮ್ಮ ಸಾಲ ತೀರುವುದಿಲ್ಲ.

ಇನ್ನೊಂದು ವ್ಯತ್ಯಾಸ ಹೆಚ್ಚು ಕಾಡುತ್ತದೆ. ನನ್ನ ಕಡತದ ಮೂಲ ಪ್ರತಿ ಇದ್ದಲ್ಲೇ ಇರುತ್ತದೆ. ಹೊಸ ಯಂತ್ರ ಏಳದಿದ್ದರೆ ಇನ್ನೊಮ್ಮೆ ನೋಡಬಹುದು. ಊರಿಗೆ ಪ್ರತಿಯಿಲ್ಲ. ಹಿಂದಿರುಗುವ ದಾರಿ ಇಲ್ಲದಲ್ಲಿ ಸಾಗಿಸುವವನ ಎಚ್ಚರ ಇನ್ನೂ ಹೆಚ್ಚಿರಬೇಕಿತ್ತು. ಸಾಗಿಸಿದ್ದು ಅಲ್ಲಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ಹೊಣೆ ಮುಗಿಯದು ಎಂಬುದು ನನ್ನ ಉತ್ತರ.

ನಾಡಿಗೆ ದಶಕಗಳಿಂದ ಬೆಳಕು ಕೊಟ್ಟದ್ದು ಶರಾವತಿಯ ನೀರು. ನಮ್ಮ ಕಂಪ್ಯೂಟರುಗಳು ಓಡುವ ವಿದ್ಯುತ್ತಿನಲ್ಲೂ ಅದರ ಪಾಲಿದೆ. ಹಾಗಾಗಿ ಈ ಹೊಣೆ ಅಣೆಕಟ್ಟು ಕಟ್ಟಿದವರದು ಮಾತ್ರವಲ್ಲ, ಸ್ವಿಚ್ಚು ಒತ್ತುವ ನಮ್ಮದೂ ಹೌದು.