ಜೈಲಿನೊಳಗಿನ ಸಾವು ಯಾರ ತೀರ್ಮಾನ?

ಜೈಲಿನಲ್ಲಿರುವವನಿಗೆ ಏಳುವ ಹೊತ್ತು ತನ್ನದಲ್ಲ. ಉಣ್ಣುವ ಹೊತ್ತು, ಮಲಗುವ ಜಾಗ, ಹೆಂಡತಿ ಮಕ್ಕಳ ಮುಖ ನೋಡುವ ದಿನ ಯಾವುದೂ ತನ್ನದಲ್ಲ. ಎಲ್ಲವನ್ನೂ ಸರ್ಕಾರವೇ ತೀರ್ಮಾನಿಸುತ್ತದೆ. ಆದರೆ ಅವನು ಜೀವ ಕಳೆದುಕೊಂಡ ದಿನ ಮಾತ್ರ ಅದು ಅವನ ಸ್ವಂತ ತೀರ್ಮಾನ ಆಗಿಬಿಡುತ್ತದೆ! ಬದುಕಿದ್ದಾಗ ಇಲ್ಲದ ಸ್ವಾತಂತ್ರ್ಯ ಸಾಯುವಾಗ ಎಲ್ಲಿಂದ ಬಂತು?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದ ಜೈಲುಗಳಲ್ಲಿ 119 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಆ ವರ್ಷದ ಕೊನೆಗೆ ಒಳಗಿದ್ದವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಜಾಮೀನು ಆದೇಶವಾದರೂ ಹೊರಗೆ ಬರಲಾಗದವರು ಇದ್ದಾರೆ. ಶ್ಯೂರಿಟಿಗೆ ಪಹಣಿ ಬೇಕಂತೆ. ತುಂಡು ನೆಲವಿಲ್ಲದ ಕೇರಿಯವರು ಪಹಣಿ ಎಲ್ಲಿಂದ ತರಬೇಕು?

ಒಳಗಾದರೂ ಜಾತಿ ಬಿಟ್ಟಿತೇ? ಗುಡಿಸುವ ಕೆಲಸ ಒಂದು ಜಾತಿಗೆ, ಅಡುಗೆ ಇನ್ನೊಂದು ಜಾತಿಗೆ ಅಂತ ಹಂಚುತ್ತಿದ್ದ ಜೈಲು ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಅಕ್ಟೋಬರಿನಲ್ಲಿ. ಸ್ವಾತಂತ್ರ್ಯ ಬಂದು 77 ವರ್ಷವಾದ ಮೇಲೆ!

ಹಾಗಾದರೆ ಕೈದಿಗೆ ಸ್ವಂತ ಮನಸ್ಸೇ ಇಲ್ಲ ಅನ್ನೋಣವೇ? ಅದೂ ತಪ್ಪು. ಅವನೂ ಯೋಚಿಸುವ, ನೋಯುವ ಮನುಷ್ಯ. ಆದರೆ ಖಿನ್ನತೆ ಅನ್ನುವುದು ಮನಸ್ಸಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುವ ಕಾಯಿಲೆ. ಚಿಕಿತ್ಸೆ ಸಿಕ್ಕರೆ ಆ ಬಾಗಿಲುಗಳು ಮತ್ತೆ ತೆರೆಯುತ್ತವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ ಅಂತ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೇ ಹೇಳುತ್ತದೆ. ಹೊರಗಿನವರಿಗೇ ಹೀಗಾದರೆ, ತಾನೇ ಬೀಗ ಹಾಕಿ ಇಟ್ಟುಕೊಂಡವನ ಬಗ್ಗೆ ಸರ್ಕಾರದ ಹೊಣೆ ಎಷ್ಟು ಪಾಲು ಹೆಚ್ಚು?

ಈಗ ಕಷ್ಟದ ಪ್ರಶ್ನೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರಿನಲ್ಲಿ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟು ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಅಂಥ ಅಪರಾಧ ಮಾಡಿದವನೊಬ್ಬ ಜೈಲಿನಲ್ಲಿ ಕುಗ್ಗಿ ಸಾಯಹೊರಟರೆ ನಮಗೇನು? ಸಾಯಲಿ ಬಿಡು ಅಂತ ಬಾಯಿಗೆ ಬರುತ್ತದೆ. ಆ ಸಿಟ್ಟು ಸುಳ್ಳಲ್ಲ.

ಆದರೆ ನಾವು ಕೇಳಿದ್ದು ನ್ಯಾಯ. ನ್ಯಾಯಾಧೀಶರು ಬರೆದದ್ದು ಬಂಧನ. ತೀರ್ಪಿನಲ್ಲಿ ಇಲ್ಲದ ಸಾವನ್ನು ಜೈಲಿನ ಗೋಡೆ ಕೊಡಬಾರದು. ಇಂಥವರ ಜೀವಕ್ಕೆ ಬೆಲೆಯಿಲ್ಲ ಅನ್ನುವ ಲೆಕ್ಕವೇ ಜಾತಿಯ ಲೆಕ್ಕ. ಅದೇ ತಕ್ಕಡಿಯನ್ನು ನಾವು ಕೈಗೆತ್ತಿಕೊಂಡರೆ ನಾಳೆ ಅದರಲ್ಲಿ ಮೊದಲು ಹಗುರವಾಗುವವರು ನಮ್ಮವರೇ.

ಗೆಳೆಯರೇ, ಜೈಲು ಸೇರಿದ ಮೊದಲ ದಿನಗಳು, ಜಾಮೀನು ತಿರಸ್ಕಾರವಾದ ಸಂಜೆ, ಮನೆಯಿಂದ ಕೆಟ್ಟ ಸುದ್ದಿ ಬಂದ ರಾತ್ರಿ ಇವು ಗಂಡಾಂತರದ ಹೊತ್ತು. ಆಗ ಒಂದು ಭೇಟಿ, ಒಂದು ಕಾಗದ ಜೀವ ಹಿಡಿದು ನಿಲ್ಲಿಸಬಲ್ಲದು. ಊರಿನ ಮೇಷ್ಟ್ರು ಕೈದಿಯ ತಾಯಿಗೆ ಕಾಗದ ಬರೆದುಕೊಡಲಿ. ಸಂಘಟನೆಯವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ವಕೀಲರನ್ನು ಕೇಳಲಿ. "ಇನ್ನೇನು ಬದುಕೋದು" ಅಂತ ಅವನು ಅಂದರೆ ಹಗುರವಾಗಿ ತಗೊಳ್ಳದೆ ಜೈಲಿನ ಡಾಕ್ಟರಿಗೆ ಅಂದೇ ತಿಳಿಸಿ. ಅಷ್ಟರಲ್ಲೇ ನಿಲ್ಲಬೇಡಿ. ನಿಮ್ಮ ಜಿಲ್ಲೆಯ ಜೈಲಿಗೆ ಮನೋವೈದ್ಯರು ಬರುತ್ತಾರಾ ಅಂತ ಅರ್ಜಿ ಹಾಕಿ ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.