ಸೋತವರ ಲೆಕ್ಕ, ಗೆದ್ದವರ ಲೆಕ್ಕ

ಪಂಚಾಯತಿ ಚುನಾವಣೆಯ ಮತ ಎಣಿಕೆ ಮುಗಿದ ಮೇಲೆ ನಮ್ಮ ಊರುಗಳಲ್ಲಿ ಇನ್ನೊಂದು ಎಣಿಕೆ ಶುರುವಾಗುತ್ತದೆ. ಯಾರು ಓಟು ಹಾಕಿದರು, ಯಾರು ಕೈಕೊಟ್ಟರು? ಸುಳ್ಯ ತಾಲೂಕಿನ ಕಲ್ಲುಗುಂಡಿ ಸಂಪಾಜೆ ಗ್ರಾಮ ಪಂಚಾಯತಿಗೆ ಸೇರಿದ ಪುಟ್ಟ ಪೇಟೆ. 2020ರ ಡಿಸೆಂಬರ್ 30ರಂದು ರಾಜ್ಯದ ಗ್ರಾಮ ಪಂಚಾಯತಿಗಳ ಫಲಿತಾಂಶ ಬಂದಾಗ ಅಲ್ಲಿ ಈ ಎರಡನೆಯ ಎಣಿಕೆ ನಡೆದಿರಲಾರದು ಎನ್ನುವ ಧೈರ್ಯ ನಮಗಿಲ್ಲ.

ಮತ ಗುಟ್ಟಿನದ್ದು ಎನ್ನುತ್ತದೆ ಕಾನೂನು. ಆದರೆ ಸುಮಾರು 400 ಜನಕ್ಕೆ ಒಬ್ಬ ಸದಸ್ಯರಿರುವಲ್ಲಿ ಗುಟ್ಟಿಗೆ ಜಾಗವೆಷ್ಟು? ಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ಮುಖಪರಿಚಯದವರೇ. ಪಕ್ಷದ ಚಿಹ್ನೆಯಿಲ್ಲ ನಿಜ. 'ಬೆಂಬಲಿತ ಅಭ್ಯರ್ಥಿ' ಯಾರೆಂಬುದು ಮಾತ್ರ ಎಳೆ ಮಕ್ಕಳಿಗೂ ಗೊತ್ತು!

ಸೋತವರು ಹಾಕುವುದು ನೋವಿನ ಲೆಕ್ಕ, ಅದನ್ನು ಸಹಿಸಬಹುದು. ಗೆದ್ದವರು ಹಾಕಿದರೆ? ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕು. ಸಭೆ ಸೇರುವ ಮೊದಲೇ ಪಟ್ಟಿ ಕಿಸೆಯಲ್ಲಿ ಸಿದ್ಧವಾಗಿರುವುದೂ ಉಂಟು. ಅದರಿಂದ ಒಂದು ಹೆಸರು ಬಿದ್ದುಹೋದರೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, "ಮುಂದಿನ ಸಲ ನೋಡುವ" ಎಂದರಾಯಿತು.

ತಿಳಿಯುವುದೇ ಒಳ್ಳೆಯದೆಂದು ಕಲಿತು ಬಂದವರು ನಾವು. ಗೆದ್ದವರಿಗೆ ಬೇಕಾದದ್ದು ತಿಳಿಯಲು ಹೋಗದಿರುವ ಗುಣ. ಊಹೆ ತಾನಾಗಿ ಬಂದೀತು, ಅದನ್ನು ತಡೆಯಲಾಗದು. ಆದರೆ ಪಟ್ಟಿ ಬರೆಯುವಾಗ ಅದನ್ನು ಹೊರಗೆ ನಿಲ್ಲಿಸಬಹುದು. ಇದು ಕಷ್ಟ, ಏಕೆಂದರೆ ಊಹೆ ಹೆಚ್ಚಾಗಿ ಸರಿಯೇ ಇರುತ್ತದೆ.

2022ರ ಆಗಸ್ಟ್‌ನಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿಯ ಅಂಗಡಿ-ಮನೆಗಳಿಗೆ ನೀರು ನುಗ್ಗಿತು. ಅಂತಹ ಹೊತ್ತಿನಲ್ಲಿ ನಷ್ಟ ಬರೆದುಕೊಳ್ಳಲು ಬಂದವರಿಗೆ ದಾರಿ ತೋರಿಸುವುದು ಸಾಮಾನ್ಯವಾಗಿ ವಾರ್ಡಿನ ಸದಸ್ಯರೇ. ಅವರು ಯಾವ ಅಂಗಳಕ್ಕೆ ಇಳಿಯುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಎಂದು ಕೆಸರು ಬಾಚುತ್ತಿರುವವರು ತಲೆಯೆತ್ತಿ ನೋಡುತ್ತಿರುತ್ತಾರೆ.